ಕಾರಣ ಅವಳಿಗೇ ಗೊತ್ತು

ನಮ್ಮಪ್ಪ ವಿಲ್ಫ್ ಸಾಯುವಾಗಲೂ ನೆಟ್ಟಗೆ ಸಾಯಲಿಲ್ಲ. ಮನೆ, ಬ್ಯಾಂಕಿನ ಹಣ ಎಲ್ಲವನ್ನೂ ನನ್ನ ತಮ್ಮ ನೆವಿಲ್‌ಗೆ ಬರೆದು, ಉಯಿಲಿನ ಕೊನೆಗೆ ಒಂದು ಸಾಲು ಸೇರಿಸಿದ್ದ: ‘ಮಗಳು ಡೋರೀನ್‌ಗೆ ಏನೂ ಇಲ್ಲ. ಕಾರಣ ಅವಳಿಗೇ ಗೊತ್ತು.’

ಗೊತ್ತಿರಲಿಲ್ಲ, ದೇವರಾಣೆ. ಹನ್ನೊಂದು ವರ್ಷ ಅದೇ ಮನೆಯಲ್ಲಿದ್ದು ಅವನ ಕಾಲುಗುರು ಕತ್ತರಿಸಿದವಳು ನಾನು. ಉಯಿಲಿನ ತಾರೀಖು ನೋಡಿದರೆ ಆ ಹನ್ನೊಂದರ ನಡುವಿನದೇ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಮನೆ ಅವನದೇ ಆಗಿತ್ತು ಅನ್ನುವುದು ಬೇರೆ ಮಾತು.

ಇಂಗ್ಲೆಂಡಿನ ನಮ್ಮ ಡರಮ್ ಸೀಮೆಯ ಗಣಿ ಊರುಗಳಲ್ಲಿ ಗುಟ್ಟು ಅನ್ನುವುದು ಇಲ್ಲ. ಉಯಿಲಿನ ನಕಲು ಬೇಕಾದವರಿಗೆ ಸಿಗುತ್ತದೆ, ಬೇಡದವರಿಗೆ ಪಕ್ಕದ ಮನೆಯವರು ಓದಿ ಹೇಳುತ್ತಾರೆ. ಮೀನು-ಚಿಪ್ಸ್ ಅಂಗಡಿಯ ಸಾಲಿನಲ್ಲಿ ನಿಂತರೆ, “ಅಂಥದ್ದೇನೇ ಮಾಡ್ದೆ ಡೋರೀನ್?” ಎಂಬ ಕಿಸಕಿಸ. ನಾನೂ ತಲೆ ಕೆರೆದುಕೊಂಡೆ. ಎದುರಾಳಿ ಫುಟ್‌ಬಾಲ್ ತಂಡದ ಅಭಿಮಾನಿಯನ್ನು ಮದುವೆಯಾಗಿದ್ದೆ, ನಿಜ. ಆದರೆ ಆ ಪುಣ್ಯಾತ್ಮ ಓಡಿಹೋದ ದಿನ ಅಪ್ಪ ಇಡೀ ಕ್ಲಬ್ಬಿಗೆ ಬಿಯರ್ ಕೊಡಿಸಿದ್ದ. ಲೆಕ್ಕ ಅಲ್ಲಿಗೆ ಚುಕ್ತಾ.

ಸತ್ತವರ ಹಂಚಿಕೆಯನ್ನು ಬದುಕಿರುವವರು ತಿದ್ದಬಹುದು ಎಂದು ವಕೀಲೆ ಮಿಸ್ ಪ್ರಿಂಗಲ್ ಹೇಳಿದಾಗ ನನಗೆ ಜೀವ ಬಂತು. ಕಳೆದುಕೊಳ್ಳುವವನು ಒಪ್ಪಿ ರುಜು ಹಾಕಬೇಕು, ಅದೂ ಸಾವಾದ ಎರಡು ವರ್ಷದೊಳಗೆ. ನೆವಿಲ್‌ಗೆ ಕಡಲ ದಂಡೆಯಲ್ಲಿ ಬಂಗಲೆ ಇದೆ, ನನಗೆ ಈ ಮನೆ ಬಿಟ್ಟರೆ ಬಸ್‌ಸ್ಟಾಪೇ ಗತಿ. “ಹಣ ನಾನಿಟ್ಕೋತೀನಿ, ಮನೆ ನಿಂಗೆ,” ಅಂದ. ಆದರೆ ಒಂದು ಕೊಕ್ಕೆ ಹಾಕಿದ: “ಮೊದ್ಲು ಆ ಕಾರಣ ಏನೂಂತ ಹೇಳು.” ಗೊತ್ತಿಲ್ಲ ಎಂದರೆ ನಂಬ. ಹೀಗೆ ಎಳೆದೂ ಎಳೆದೂ ಗಡುವಿಗೆ ಒಂಬತ್ತು ದಿನ ಉಳಿಯಿತು.

ಕಾರಣ ಇಲ್ಲದಿದ್ದರೆ ಹುಟ್ಟಿಸಿದರಾಯಿತು ಎಂದುಕೊಂಡೆ. ಅಪ್ಪನ ಮಟ್ಟಿಗೆ ಕ್ಷಮೆಯೇ ಇಲ್ಲದ ಪಾಪ ಯಾವುದು? ಕೊಲೆಯಂತೂ ಅಲ್ಲ. ಲೀಕ್! ಈರುಳ್ಳಿಯ ಜಾತಿಯ ಈ ದಂಟನ್ನು ತೋಳಿಗಿಂತ ದಪ್ಪ ಬೆಳೆಸಿ, ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಸ್ಪರ್ಧೆಗಿಡುವುದು ನಮ್ಮೂರ ಗಂಡಸರ ಧರ್ಮ. ೧೯೭೯ರಲ್ಲಿ ಮೊದಲ ಬಹುಮಾನ ಬಟ್ಟೆ ಒಗೆಯುವ ಯಂತ್ರ. ಸ್ಪರ್ಧೆಯ ಹಿಂದಿನ ದಿನ ಯಾರೋ ಅಪ್ಪನ ಲೀಕ್‌ಗಳನ್ನೆಲ್ಲ ಸೀಳಿ ಹಾಕಿದ್ದರು. ಅಮ್ಮ ಸಾಯುವವರೆಗೂ ಕೈಯಲ್ಲೇ ಒಗೆದಳು. ಅಪ್ಪ ಪಕ್ಕದ ಬೀದಿಯವರ ಮೇಲೆ ಗುಮಾನಿ ಪಡುತ್ತಾನೆಂದೇ ನಾನು ತಿಳಿದಿದ್ದೆ.

ವಕೀಲೆಯ ಕಚೇರಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತೆ.

“ಹೇಳ್ಬಿಡ್ತೀನಿ ನೆವಿಲ್. ಅಪ್ಪನ ಲೀಕ್ ಕತ್ತರಿಸಿದ್ದು ನಾನೇ ಕಣೋ. ಬ್ರೆಡ್ ಕುಯ್ಯೋ ಚಾಕೂನಲ್ಲಿ.”

“ಚಾಕು ಅಲ್ಲ, ಅಪ್ಪನ ರೇಜರ್,” ಅಂದುಬಿಟ್ಟ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅಂದೇ ಇರಲಿಲ್ಲ. ಮಿಸ್ ಪ್ರಿಂಗಲ್ ಪೆನ್ನಿನ ಮುಚ್ಚಳವನ್ನು ಮೂರು ಸಲ ಹಾಕಿ ತೆಗೆದರು.

“ನೀನಾ?” ಅಂದೆ.

“ನಂಗಾಗ ಹದಿನೈದು ವರ್ಷ ಕಣೇ! ನನ್ನ ಒಂದು ಮ್ಯಾಚಿಗೂ ಬರ್ಲಿಲ್ಲ ಅಪ್ಪ. ಆ ದಂಟುಗಳ ಜೊತೆ ಮಾತ್ರ ಸಂಜೆಯೆಲ್ಲ ಹರಟೆ.”

“ಸರಿ, ಅದಕ್ಕೆ ನಾನ್ಯಾಕೆ ಬಂದೆ?”

ಅವನು ಮೇಜು ನೋಡಿದ. “ಅಪ್ಪ ಬೆಲ್ಟ್ ಬಿಚ್ಚಿದ್ದ. ಡೋರೀನ್ ಮಾಡಿದ್ದು ಅಂದೆ. ಹುಡುಗೀರನ್ನ ಅಪ್ಪ ಹೊಡೀತಿರ್ಲಿಲ್ಲವಲ್ಲ... ನಾನು ನಿನ್ನ ಹೆಸ್ರು ಹೇಳಿದ್ದು ನಿಂಗೆ ಗೊತ್ತಾ ಇಲ್ವಾ ಅಂತ ತಿಳ್ಕೋಬೇಕಿತ್ತು, ಅಷ್ಟೆ.”

“ಥೂ ನಿನ್ನ! ಎರಡು ವರ್ಷ ನನ್ನ ನಿದ್ದೆ ಕೆಡಿಸಿದ್ದು ಇದಕ್ಕಾ? ಹಾಕೋ ರುಜು!”

ಹಾಕಿದ. ಹೆಸರಿನ ಕೊನೆ ಅಕ್ಷರ ಸಾಲು ದಾಟಿತು. ಅರವತ್ತು ದಾಟಿದ ಗಂಡಸು ಬೆಲ್ಟಿಗೆ ಇನ್ನೂ ಹೆದರುತ್ತಿದ್ದಾನೆ ಅನ್ನಿಸಿ, ಬಯ್ಯಬೇಕೆಂದಿದ್ದ ಉಳಿದದ್ದನ್ನು ನುಂಗಿಕೊಂಡೆ.

ಮಿಸ್ ಪ್ರಿಂಗಲ್ ಗಂಟಲು ಸರಿಮಾಡಿಕೊಂಡರು. “ಇನ್ನು ಮೇಲೆ ತೆರಿಗೆಯವರ ಲೆಕ್ಕದಲ್ಲಿ ಈ ಮನೆ ನಿಮ್ಮ ತಮ್ಮ ಕೊಟ್ಟಿದ್ದಲ್ಲ ಮೇಡಂ. ನಿಮ್ಮ ತಂದೆಯವರೇ ಕೊಟ್ಟ ಹಾಗೆ.”

ನನಗೆ ನಗು ಬಂತು. ನಗುತ್ತಲೇ ಅಳು ಬಂತು, ಅವರು ಪಾಪ ನೀರು ತರಲು ಓಡಿದರು. ಅಪ್ಪ ಅಂಥವನಲ್ಲ, ಅವನು ಏನೂ ಕೊಟ್ಟಿಲ್ಲ. ಹನ್ನೊಂದು ವರ್ಷ ಪ್ರತಿ ಭಾನುವಾರ ನಾನು ಬೇಯಿಸಿದ ಮಾಂಸ ತಿಂದ, ಗ್ರೇವಿ ಸಾಲದು ಎಂದ, ತನ್ನ ಲೀಕ್ ಸೀಳಿದವಳು ಎಂದುಕೊಂಡೇ ನನ್ನ ಮುಖ ನೋಡಿದ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ, ಅವನು ನಂಬುತ್ತಿರಲಿಲ್ಲ. ಹೋಗಲಿ, ನಂಬದಿದ್ದರೂ ಪರವಾಗಿರಲಿಲ್ಲ. ಒಂದು ಸಲ ಕೇಳಬಹುದಿತ್ತು.