ಮಲಗಿ ಹೋಗುವ ಗಾಡಿ

ನನ್ನ ಗಂಡ ಬಡಗಿ. ಅಳತೆ ಹಿಡಿಯದೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ಮನುಷ್ಯ. ಇಂಥವರನ್ನು ಹಳೇ ಗಾಡಿ ಮಾರುವವನ ಹತ್ತಿರ ಕರೆದುಕೊಂಡು ಹೋದರೆ ಏನಾಗಬೇಕೋ ಅದೇ ಆಯಿತು.

ಸೊಂಟದ ಮೂಳೆ ಮುರಿದ ಮೇಲೆ ಅತ್ತೆಗೆ ಕೂರುವುದೇ ಕಷ್ಟವಾಗಿತ್ತು. ವಾರವಾರವೂ ಆಸ್ಪತ್ರೆಗೆ ಹೋಗಲೇಬೇಕು. ನಮ್ಮ ಹಳೇ ಪಿಕಪ್ಪಿನ ಮುಂದಿನ ಸೀಟಿನಲ್ಲಿ, ನನಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡು, ಪ್ರತಿ ಗುಂಡಿಗೂ ನನ್ನ ತೋಳು ಹಿಡಿದು ಹಲ್ಲು ಕಚ್ಚುತ್ತಿದ್ದರು. ಗಾಡಿ ಓಡಿಸುತ್ತಿದ್ದ ಮಗ ತಿರುಗಿ ನೋಡಿದರೆ, "ಏನಿಲ್ಲ, ರಸ್ತೆ ನೋಡ್ಕೊಂಡು ಓಡ್ಸು," ಎನ್ನುತ್ತಿದ್ದರು.

ಅದಕ್ಕೇ ಗಾಡಿ ಮಾರುವವನ ಹತ್ತಿರ ಹೋದದ್ದು. ಅಲ್ಲಿದ್ದ ಒಂದು ವ್ಯಾನ್ ನನಗೆ ಕಂಡ ಕೂಡಲೇ ಒಪ್ಪಿಗೆಯಾಯಿತು. ಬಣ್ಣ ಮಾಸಿತ್ತು, ಬಾಗಿಲು ಎಳೆದರೆ ಕಿರುಗುಟ್ಟುತ್ತಿತ್ತು. ಆದರೆ ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗಬಹುದು. ಬದಲಿಗೆ ಪಿಕಪ್ ಕೊಡಬೇಕು, ಅಷ್ಟೇ. ಗಂಡ ಮೀನಮೇಷ ಎಣಿಸತೊಡಗಿದರು.

"ಪಿಕಪ್ ಹಳೇದಾದ್ರೂ ಇಂಜಿನ್ ಗಟ್ಟಿ. ಬಾಗಿಲು, ತೊಲೆ ಎಲ್ಲ ಹಿಡಿಯತ್ತೆ. ಇದ್ರಲ್ಲಿ ಏನು ಸಾಗ್ಸೋದು?"

"ನಿಮ್ಮಮ್ಮನ್ನ," ಎಂದೆ.

ಅವರು ಟೇಪು ತೆಗೆದು ವ್ಯಾನಿನೊಳಗೆ ತೆವಳಿದರು. ಹೊರಬಂದಾಗ ಒಪ್ಪಿದ್ದರು. ಆದರೆ ಅಳತೆಗೆ ಸರಿಯಾಗಿ ಒಂದು ತಗ್ಗು ಮಂಚ ಮಾಡಿ, ಆಮೇಲೆ ಗಾಡಿ ತರೋಣ ಎಂದರು. ಪಿಕಪ್ ಕೊಟ್ಟುಬಿಟ್ಟರೆ ಹಲಗೆ ತರುವುದು ಹೇಗೆ ಎಂಬುದು ಅವರ ವಾದ. ಮಾರುವವನೂ ಕಾಯಲು ಒಪ್ಪಿದ.

ಹಲಗೆ ಬಂತು, ಮಂಚವೂ ಆಯಿತು. ಈಗ ಅಂಚು ಚೂಪಾಗಿದೆ ಎಂದರು. "ಅಮ್ಮನ ಚರ್ಮ ತೆಳುವಾಗಿದೆ ಕಣೇ, ತರಚತ್ತೆ." ಉಪ್ಪುಕಾಗದ ಹಿಡಿದು ಉಜ್ಜುತ್ತ ಕೂತರು. ಮೊದಲು ವ್ಯಾನ್ ತನ್ನಿ, ದಪ್ಪ ಹಾಸಿಗೆ ಹಾಕಿದರಾಯಿತು ಎಂದು ನಾನು ದಿನಾ ತಲೆ ತಿಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಒಳಗೆ ಮಲಗಿದ್ದ ಅತ್ತೆ ಉಜ್ಜುವ ಸದ್ದು ಕೇಳಿ ನಕ್ಕರು. "ಬಿಡೇ. ಅವನ್ನ ತೊಟ್ಟಿಲಲ್ಲಿ ನಾನು ಮಲಗ್ಸಿದ್ದೆ. ಈಗ ಅವನ ಸರದಿ."

ಅಷ್ಟರಲ್ಲಿ ಮತ್ತೆ ಆಸ್ಪತ್ರೆಯ ದಿನ ಬಂತು. ಪಿಕಪ್ಪಿನಲ್ಲೇ ಹೋದೆವು, ಕೂತುಕೊಂಡೇ. ಆ ಸಲ ಅತ್ತೆ ನನ್ನ ತೋಳನ್ನು ದಾರಿಯುದ್ದಕ್ಕೂ ಬಿಡಲಿಲ್ಲ. ಆಸ್ಪತ್ರೆಯವರು ಅಲ್ಲೇ ಉಳಿಸಿಕೊಂಡರು. ಮಾರನೆಯ ದಿನ ಅತ್ತೆ ತೀರಿಕೊಂಡರು.

ಮನೆಗೆ ಒಯ್ಯಲು ಗಂಡ ಆ ಮಂಚವನ್ನೇ ಪಿಕಪ್ಪಿನ ಹಿಂದೆ ಇಟ್ಟುಕೊಂಡು ಬಂದರು. ವ್ಯಾನಿನ ಅಳತೆಗೆ ಮಾಡಿದ್ದು ಇದರಲ್ಲೂ ಸಲೀಸಾಗಿ ಕೂತಿತ್ತು. ಅಂಚು ಮುಟ್ಟಿದೆ, ಎಲ್ಲೂ ತರಚುವಂತಿರಲಿಲ್ಲ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ನಾನು ಹಿಂದೆ ಅತ್ತೆಯ ಪಕ್ಕದಲ್ಲೇ ಕೂತೆ. ಗಂಡ ನಡೆಯುವ ವೇಗದಲ್ಲಿ ಓಡಿಸಿದರು, ಒಂದೊಂದು ಗುಂಡಿಯನ್ನೂ ಬಳಸಿಕೊಂಡು. ಹಿಂದಿನ ಗಾಡಿಗಳವರು ಹಾರನ್ ಹೊಡೆದು ಬೈಯುತ್ತಿದ್ದರು. ಇನ್ನು ಯಾರಿಗಾಗಿ ಇಷ್ಟು ನಿಧಾನ ಎಂದು ಕೇಳಿಯೇಬಿಡಬೇಕು ಅನ್ನಿಸಿತು. ಆಗಲೇ ಒಂದು ಗುಂಡಿಗೆ ಚಕ್ರ ಇಳಿದು ಮಂಚ ಕುಲುಕಿತು. ಅವರು ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ತಿರುಗಿದರು.

"ಅಮ್ಮಂಗೆ ನೋವಾಯ್ತೇನೇ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಏನಿಲ್ಲ," ಎಂದೆ. "ರಸ್ತೆ ನೋಡ್ಕೊಂಡು ಓಡ್ಸಿ."