ಬಿಸಿ ಬಟ್ಟೆಯ ಕೆಳಗೆ

“ಕೈ ನಡುಗೋ ಹಾಗಿದ್ರೆ ಈಗಲೇ ಹೇಳಿಬಿಡಿ,” ಎಂದರು ಸರ್ಜನ್ ಮೇಡಂ.

“ಇಲ್ಲ ಮೇಡಂ,” ಎಂದರು ನರ್ಸಮ್ಮ. ಆಪರೇಷನ್ ಮೇಜಿನ ಮೇಲೆ ಅರಿವಳಿಕೆಯಲ್ಲಿ ಮಲಗಿದ್ದವಳು ಅವರ ಸ್ವಂತ ಸೊಸೆ, ಎಂಟು ವಾರದ ಬಸುರಿ. ಇನ್ನೊಬ್ಬ ಥಿಯೇಟರ್ ನರ್ಸ್ ರಜೆಯಲ್ಲಿದ್ದಳು. ಆ ಪುಟ್ಟ ಆಸ್ಪತ್ರೆಯಲ್ಲಿ ಬೇರೆ ಗತಿಯಿರಲಿಲ್ಲ.

ಬೆಳಿಗ್ಗೆ ಸೊಸೆ ಅಡುಗೆಮನೆಯ ನೆಲದ ಮೇಲೆ ಮುದುಡಿಕೊಂಡು, “ಅತ್ತೆ, ಒಳಗೆ ಯಾರೋ ಹಿಂಡ್ತಾ ಇದ್ದಾರೆ,” ಎಂದು ಅತ್ತಿದ್ದಳು. “ಗ್ಯಾಸ್ ಕಣೇ. ಬಸುರಿ ಅಂದ್ಮೇಲೆ ಇವೆಲ್ಲ ಇದ್ದದ್ದೇ. ನಾನು ನೋಡದ ಹೊಟ್ಟೆನೋವಾ?” ಎಂದು ನರ್ಸಮ್ಮ ಬಿಸಿನೀರು ಕುಡಿಸಿದ್ದರು. ಮೂವತ್ತು ವರ್ಷದ ಸರ್ವೀಸು ತಲೆಗೇರಿತ್ತು, ಮತ್ತೇನು! ಎರಡು ಗಂಟೆ ಹಾಗೇ ಕಳೆಯಿತು. ಹುಡುಗಿ ಬೆವತು ಬಿಳಿಚಿಕೊಂಡಾಗಲೇ ಅವರು ಅವಳನ್ನು ಆಸ್ಪತ್ರೆಗೆ ಕರೆತಂದದ್ದು.

ಅದು ಗ್ಯಾಸ್ ಆಗಿರಲಿಲ್ಲ. ಬಲಗಡೆಯ ಅಂಡಾಶಯ ಬುಡದಲ್ಲೇ ಮೂರು ಸುತ್ತು ತಿರುಚಿಕೊಂಡು, ರಕ್ತ ಹರಿಯದೆ ಕಪ್ಪಿಟ್ಟಿತ್ತು.

“ಸದ್ಯಕ್ಕೆ ಗರ್ಭ ನಿಂತಿರೋದೇ ಇದರಿಂದ ಬರೋ ಹಾರ್ಮೋನಿನ ಬಲದ ಮೇಲೆ,” ಮೇಡಂ ಮೆಲ್ಲಗೆ ಸುತ್ತು ಬಿಚ್ಚಿದರು. “ತೆಗೆದ್ರೆ ಔಷಧಿ ಕೊಡಬಹುದು. ಮಗು ಉಳಿಯುತ್ತೆ ಅಂತ ಮಾತು ಕೊಡಲಾರೆ. ರಕ್ತ ಹರಿದು ಬಣ್ಣ ತಿರುಗುತ್ತೋ ಅಂತ ಹತ್ತು ನಿಮಿಷ ಕಾಯೋಣ.”

ನರ್ಸಮ್ಮ ಬೆಚ್ಚನೆಯ ಸಲೈನಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಮೇಲೆ ಅಂಗೈ ಇಟ್ಟರು. ಐದು ನಿಮಿಷಕ್ಕೆ ಎತ್ತಿ ನೋಡಿದರೆ ಕಪ್ಪೇ. “ತಪ್ಪಾಯ್ತು ಕಣೇ ತಾಯಿ,” ಎಂದು ಮಾಸ್ಕಿನೊಳಗೇ ಗೊಣಗಿದರು. ಹತ್ತಕ್ಕೂ ಕಪ್ಪೇ.

“ಕತ್ತರಿ,” ಮೇಡಂ ಕೈ ಚಾಚಿದರು.

ಇಷ್ಟು ವರ್ಷದಲ್ಲಿ ಮೊದಲ ಸಲ ನರ್ಸಮ್ಮ ಕೇಳಿದ್ದನ್ನು ಕೊಡಲಿಲ್ಲ. “ಇನ್ನೊಂದೇ ಸಲ, ಮೇಡಂ,” ಎಂದು ಹೊಸ ಬಿಸಿ ಬಟ್ಟೆ ಹೊದಿಸಿದರು. ಮೇಡಂ ಚಾಚಿದ ಕೈಯನ್ನು ಹಾಗೇ ಹಿಂದೆ ತೆಗೆದುಕೊಂಡರು.

ಈ ಸಲ ಎತ್ತಿದಾಗ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಕಂಡಿತು. ನೋಡನೋಡುತ್ತಿದ್ದಂತೆ ಅದು ಹಬ್ಬಿತು. ಯಾರೂ ಏನೂ ಮಾಡುತ್ತಿರಲಿಲ್ಲ; ರಕ್ತ ತನ್ನ ದಾರಿ ತಾನೇ ಹುಡುಕಿಕೊಂಡು ಹೊರಟಿತ್ತು. ನರ್ಸಮ್ಮನಿಗೆ ಇದೇ ಕೋಣೆಯಲ್ಲಿ ಅರ್ಧ ಆಯುಸ್ಸು ಕಳೆದೂ ತಾವು ಏನನ್ನೂ ನೋಡಿಯೇ ಇಲ್ಲವೆನ್ನಿಸಿತು.

“ಹೊಲಿಯೋಣ,” ಎಂದರು ಮೇಡಂ. ಅವರ ದನಿಯೂ ಸಣ್ಣಗಾಗಿತ್ತು.

ಮರುದಿನ ಸ್ಕ್ಯಾನ್ ಪರದೆಯ ಮೇಲೆ ಒಂದು ಚುಕ್ಕೆ ಮಿಣಮಿಣ ಎನ್ನುತ್ತಿತ್ತು. “ಹಾರ್ಟ್ ಚೆನ್ನಾಗಿ ಬಡೀತಿದೆ,” ಎಂದು ಸ್ಕ್ಯಾನ್ ಡಾಕ್ಟರು ಯಂತ್ರ ಆರಿಸಲು ಹೋದರು. ಅಂಥವನ್ನು ನೂರಾರು ಕಂಡಿದ್ದ ನರ್ಸಮ್ಮ, “ಸ್ವಲ್ಪ ಇರಲಿ ಡಾಕ್ಟ್ರೇ,” ಎಂದರು.

“ಯಾಕತ್ತೆ, ಏನಾದ್ರೂ ತೊಂದ್ರೆನಾ?” ಸೊಸೆ ಗಾಬರಿಯಾದಳು.

“ಏನಿಲ್ಲ ಕಣೇ.” ನರ್ಸಮ್ಮ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು ಕುಳಿತರು.