ಸುತ್ತಲೂ ಬೆನ್ನಾದ ಮೊಟ್ಟೆ

ನಾನು ಒಂದು ಕುಂಚ, ಸೊನ್ನೆ ನಂಬರಿನ ಸಪೂರದ್ದು. ಯಾವ ತುದಿಗೆ ಕೂದಲು, ಯಾವ ತುದಿಗೆ ಹಿಡಿ ಎಂಬುದು ನಾನು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಮೊದಲ ಒಡೆಯ ಧಾರವಾಡದ ಬೋರ್ಡು ಬರೆಯುವ ಬಸಲಿಂಗಪ್ಪ. ಅವನ ಅಕ್ಷರಗಳಿಗೆ ನೆರಳು ಕೊಡುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಡಬ್ಬಿಯಲ್ಲಿ ಒಣಗುತ್ತಿದ್ದ ನನ್ನನ್ನು ಅವನ ಮಗಳು ಮಹಾನಂದಾ ತೊಳೆದು ತನ್ನ ಪ್ರಯೋಗಾಲಯಕ್ಕೆ ಒಯ್ದಳು. ಈಥರಿನಿಂದ ಮೂರ್ಛೆ ಹೋದ ಹಣ್ಣಿನ ನೊಣಗಳಲ್ಲಿ ಗಂಡನ್ನು ಆಚೆ, ಹೆಣ್ಣನ್ನು ಈಚೆ ಸರಿಸುವುದು ನನ್ನ ಹೊಸ ಉದ್ಯೋಗ. ಬೇಡವಾದವು ಮುಳುಗಿ ಸಾಯಲು ಎಣ್ಣೆಯ ಶೀಶೆಗೆ.

ನೊಣದ ಮೊಟ್ಟೆ ರವೆಯ ಕಾಳಿಗಿಂತ ಚಿಕ್ಕದು. ಆದರೂ ಅದಕ್ಕೆ ತಲೆಯ ಕಡೆಯುಂಟು, ಬಾಲದ ಕಡೆಯುಂಟು, ಬೆನ್ನಿದೆ, ಹೊಟ್ಟೆಯಿದೆ. ಬೆನ್ನಿನ ಮೇಲೆ ಎರಡು ಎಳೆ ಕೊಂಬು. ತಾಯಿ ಮೊಟ್ಟೆಯೊಳಗೆ ಒಂದು ಸಂದೇಶ ಇಟ್ಟಿರುತ್ತಾಳೆ, ಆರ್‌ಎನ್‌ಎ ಎಂಬ ಎಳೆಯಲ್ಲಿ. ಅದು ಯಾವ ಮೂಲೆಯಲ್ಲಿದೆಯೋ ಆ ಕಡೆ ಬೆನ್ನು. ಸಂದೇಶ ಅತ್ತಿತ್ತ ಹರಿಯದಂತೆ ಒಂದು ಪ್ರೋಟೀನು ಅದನ್ನು ಹಿಡಿದು ಮೂಲೆಗೆ ತಲುಪಿಸುತ್ತದೆ. ಆ ಹಮಾಲ ಕೆಟ್ಟಿದ್ದ ನೊಣಗಳ ವಂಶವೊಂದು ಮಹಾನಂದಾಳ ಬಾಟಲಿಯಲ್ಲಿತ್ತು. ಅದರ ಮೊಟ್ಟೆಗಳಲ್ಲಿ ಬೆನ್ನು ದಿಕ್ಕು ತಪ್ಪಿರುತ್ತದೆ ಎಂಬುದು ಅವಳ ಲೆಕ್ಕ.

ಆದರೆ ತಿಂಗಳುಗಟ್ಟಲೆ ನಾನು ಉರುಳಿಸಿದ ಮೊಟ್ಟೆಗಳೆಲ್ಲ ನೆಟ್ಟಗಿದ್ದವು. ಎರಡೇ ಕೊಂಬು.

"ಇನ್ನೊಂದು ವಾರ ನೋಡ್ರಿ," ಎಂದರು ಮಾರ್ಗದರ್ಶಕರಾದ ಹುಣಸೀಮರದ ಸರ್. "ಏನೂ ಕಾಣಲಿಲ್ಲಂದ್ರ ಈ ವಂಶ ಎಣ್ಣಿಗೆ ಹಾಕ್ರಿ. ವಿಷಯಾನ ಬದಲಿ ಮಾಡೂಣು."

ಮೂರು ವರ್ಷದ ಕೆಲಸ. ಅವಳು ನನ್ನನ್ನು ಎತ್ತಿಕೊಂಡು ಮತ್ತೆ ಮೊಟ್ಟೆ ಉರುಳಿಸತೊಡಗಿದಳು.

ಮಧ್ಯಾಹ್ನ ಜೊತೆಯ ಸಂಶೋಧಕ ಇಮ್ತಿಯಾಜ್ ಎಂದಿನಂತೆ ಅವಳ ಬುತ್ತಿಗೆ ಕೈ ಹಾಕಿದ.

"ಮಹಾನಂದಕ್ಕಾ, ಚಟ್ನಿ ಹ್ಯಾಂಗ ಮೂಲಿ ಹಿಡದು ಕುಂತದ ನೋಡು! ಒಂದ ಹನಿ ಅನ್ನಕ್ಕ ಹತ್ತಿಲ್ಲ. ಬಸಲಿಂಗಪ್ಪ ಕಾಕಾರ ಕೈಚಳಕೇನು?"

"ನಮ್ಮಪ್ಪಗ ನೀರು ಕಾಸಾಕೂ ಬರಂಗಿಲ್ಲೋ. ಬುತ್ತಿ ಕಟ್ಟಾಕಿ ನಮ್ಮವ್ವ."

ಹೇಳಿದವಳ ತುತ್ತು ಅರ್ಧದಲ್ಲೇ ನಿಂತಿತು.

"ಅಯ್ಯ ಶಿವನ! ಬುತ್ತಿ ಕಟ್ಟೋ ಅವ್ವನ್ನ ಬಿಟ್ಟು ನಾ ಅಪ್ಪನ್ನ ಹಿಡ್ಕೊಂಡು ಕುಂತೀನಿ!"

ಆದದ್ದಿಷ್ಟು. ನೊಣಗಳು ಕೋಶದಿಂದ ಹೊರಬರುವುದು ಬೆಳಗಿನ ಜಾವ; ಗಂಡಿನ ಸಂಗವಾಗುವ ಮೊದಲೇ ಹೆಣ್ಣುಗಳನ್ನು ಆರಿಸಬೇಕಾದರೆ ನಸುಕಿನಲ್ಲೇ ಬರಬೇಕು. ಇವಳು ತನ್ನ ವಂಶದ ಗಂಡುಗಳನ್ನೇ ತೆಗೆದುಕೊಂಡು, ಇಮ್ತಿಯಾಜ್ ಆರಿಸಿಟ್ಟಿದ್ದ ಸಾಮಾನ್ಯ ಹೆಣ್ಣುಗಳನ್ನು ಕಡ ತಂದು ಜೋಡಿ ಮಾಡಿದ್ದಳು. ಹಮಾಲ ಕೆಟ್ಟದ್ದು ಅಪ್ಪಂದಿರಲ್ಲಿ; ಮೊಟ್ಟೆಯಿಟ್ಟ ತಾಯಂದಿರಲ್ಲಿ ಅವನು ನೆಟ್ಟಗಿದ್ದ. ಮೊಟ್ಟೆಯ ದಿಕ್ಕು ತಾಯಿಯದು ಎಂದು ಪುಸ್ತಕ ಹೇಳಿತ್ತು. ಬೆಳಗಿನ ಸವಿನಿದ್ದೆ ಪುಸ್ತಕ ಓದಿರಲಿಲ್ಲ.

"ಅಂದ್ರ ನನ್ನ ಹುಡುಗ್ಯಾರು ಬುತ್ತಿ ನೆಟ್ಟಗ ಕಟ್ಯಾರ," ಎಂದ ಇಮ್ತಿಯಾಜ್, ಉಳಿದ ಚಟ್ನಿ ಮುಗಿಸುತ್ತ.

ಮರುದಿನ ಸೂರ್ಯನಿಗಿಂತ ಮೊದಲು ಅವಳು ಬಂದಳು. ವಾರ ಮುಗಿಯುವಷ್ಟರಲ್ಲಿ, ದೋಷವಿದ್ದ ತಾಯಂದಿರ ಮೊದಲ ಮೊಟ್ಟೆಯನ್ನು ನಾನೇ ಮೆಲ್ಲಗೆ ಹೊರಳಿಸಿದೆ. ಈ ಕಡೆ ಬೆನ್ನು. ಹೊರಳಿಸಿದರೆ ಆ ಕಡೆಯೂ ಬೆನ್ನು. ಸಂದೇಶ ತಲೆಯ ಸುತ್ತಲೂ ಹರಿದು, ಕೊಂಬುಗಳು ಕೂಡಿ ಕಿರೀಟವಾಗಿದ್ದವು. ಕಿರೀಟವಿದ್ದೂ ಒಂದು ಮರಿಯೂ ಹೊರಬರಲಿಲ್ಲ.

ಸರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಾವೇ ನನ್ನನ್ನು ಹಿಡಿದು ಮೊಟ್ಟೆಯನ್ನು ಎರಡು ಸಲ ಹೊರಳಿಸಿದರು. ಆಮೇಲೆ, "ಎಣ್ಣಿ ಶೀಶೆ ಅತ್ಲಾಗ ಸರಸ್ರಿ," ಎಂದರು.

ಈಗ ನನ್ನ ಕೂದಲು ಉದುರಿದೆ. ಪೆನ್ನುಗಳ ನಡುವೆ ತಲೆ ಮೇಲಾಗಿ ನಿಂತಿದ್ದೇನೆ. ಎದುರು ಗೋಡೆಯ ಮೇಲೆ ಆ ಮೊಟ್ಟೆಯ ಫೋಟೋ ಇದೆ. ಫೋಟೋದೊಳಗೇ, ಮೊಟ್ಟೆಯ ಪಕ್ಕದಲ್ಲೊಂದು ಕಪ್ಪು ಗೆರೆ. ಬಂದವರೆಲ್ಲ ಅದೇನೆಂದು ಕೇಳುತ್ತಾರೆ.

"ನಮ್ಮಪ್ಪನ ಕುಂಚದ ಕೂದಲು ಅದು," ಎನ್ನುತ್ತಾಳೆ ಮಹಾನಂದಾ. "ಇರ್ಲಿ ಬಿಡ್ರಿ. ಮೊಟ್ಟಿಯೊಳಗಂತೂ ಅಪ್ಪಗ ಜಾಗಾ ಸಿಗಲಿಲ್ಲ."